ನೆಹರು ಮನೆತನದ ಮೂಲ: ದಾಖಲೆ ಏನು ಹೇಳುತ್ತದೆ, ವದಂತಿ ಯಾಕೆ ಸಾಯುವುದಿಲ್ಲ?

ಚುನಾವಣೆ ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಳೇ ಸಂದೇಶ ಮತ್ತೆ ಓಡಾಡಲು ಶುರುವಾಗುತ್ತದೆ. ಜವಾಹರಲಾಲ್ ನೆಹರು ಅವರ ತಾತನ ನಿಜವಾದ ಹೆಸರು ಗಂಗಾಧರ ಅಲ್ಲ, ಗಿಯಾಸುದ್ದೀನ್ ಘಾಜಿ. ಆತ ಮೊಘಲರ ಕೊತ್ವಾಲ, ಅಂದರೆ ನಗರದ ಪೊಲೀಸ್ ಮುಖ್ಯಸ್ಥ. 1857ರ ದಂಗೆಯಾದ ಮೇಲೆ ಬ್ರಿಟಿಷರಿಂದ ತಪ್ಪಿಸಿಕೊಳ್ಳಲು ಹಿಂದೂ ಹೆಸರಿಟ್ಟುಕೊಂಡ. ಇದು ಮೊದಲ ಭಾಗ. ಎರಡನೇ ಭಾಗದಲ್ಲಿ ಇಂದಿರಾ ಗಾಂಧಿಯವರ ಗಂಡ ಫಿರೋಜ್ ಬರುತ್ತಾರೆ. ಅವರು ಪಾರ್ಸಿಯೇ ಅಲ್ಲವಂತೆ, ನವಾಬ್ ಖಾನ್ ಎಂಬ ದಿನಸಿ ವ್ಯಾಪಾರಿಯ ಮಗನಂತೆ. ಇಷ್ಟು ಹೇಳಿ ಸಂದೇಶ ನಿಲ್ಲುತ್ತದೆ. ರಾಹುಲ್ ಗಾಂಧಿ ಯಾರು ಅನ್ನುವ ತೀರ್ಮಾನವನ್ನು ಓದುವವರೇ ಮಾಡಿಕೊಳ್ಳಬೇಕು.

ಇದನ್ನು ಮುಂದಕ್ಕೆ ಕಳಿಸುವವರೆಲ್ಲ ದುರುದ್ದೇಶ ಇಟ್ಟುಕೊಂಡವರಲ್ಲ. ನಮ್ಮ ನೆಂಟರು, ನಿವೃತ್ತರಾದ ಮೇಷ್ಟ್ರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ನಿಜ ಅಂತ ನಂಬಿಯೇ ಕಳಿಸುತ್ತಾರೆ. ಹಾಗಾಗಿ ಸುಮ್ನೆ "ಸುಳ್ಳು" ಅಂದುಬಿಟ್ಟರೆ ಯಾರೂ ಒಪ್ಪುವುದಿಲ್ಲ. ದಾಖಲೆಯಲ್ಲಿ ಏನಿದೆ, ಎಲ್ಲಿ ಖಾಲಿ ಜಾಗ ಇದೆ, ಆ ಜಾಗದಲ್ಲಿ ಕಟ್ಟುಕತೆ ಹೇಗೆ ಬಂದು ಕೂತಿತು ಅನ್ನುವುದನ್ನು ನಿಧಾನವಾಗಿ ನೋಡಬೇಕು.

ಕಾಶ್ಮೀರದಿಂದ ದೆಹಲಿಗೆ

ಈ ಮನೆತನದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನ ಭಾಗ ಬಂದಿರುವುದು ನೆಹರು 1934-35ರಲ್ಲಿ ಜೈಲಿನಲ್ಲಿ ಕೂತು ಬರೆದ ಆತ್ಮಕಥೆಯಿಂದ. ಅದರ ಪ್ರಕಾರ ಮೂಲ ಪುರುಷ ರಾಜ್ ಕೌಲ್. ಕಾಶ್ಮೀರದಲ್ಲಿ ಸಂಸ್ಕೃತ ಮತ್ತು ಪರ್ಷಿಯನ್ ಎರಡರಲ್ಲೂ ಹೆಸರು ಮಾಡಿದ್ದ ಪಂಡಿತ. ಮೊಘಲ್ ದೊರೆ ಫರ್ರುಖ್‌ಸಿಯರ್ ಕಾಶ್ಮೀರಕ್ಕೆ ಬಂದಾಗ ಅವರ ಕಣ್ಣಿಗೆ ಬಿದ್ದರು. ಸುಮಾರು 1716ರಲ್ಲಿ ಕುಟುಂಬ ದೆಹಲಿಗೆ ಬಂತು. ಅವರಿಗೆ ಒಂದಿಷ್ಟು ಜಾಗೀರು, ಕಾಲುವೆ ದಂಡೆಯ ಮೇಲೆ ಒಂದು ಮನೆ ಸಿಕ್ಕಿತು. ಕಾಲುವೆಗೆ ಅಲ್ಲಿ ನಹರ್ ಅನ್ನುತ್ತಾರೆ. ಹಾಗಾಗಿ ಕೌಲ್-ನೆಹರು ಆಯಿತು, ಆಮೇಲೆ ಕೌಲ್ ಬಿಟ್ಟುಹೋಗಿ ನೆಹರು ಉಳಿಯಿತು.

ಮೊಘಲರ ಕೈಯಲ್ಲಿ ಅಧಿಕಾರ ಕರಗಿದಂತೆ ಜಾಗೀರೂ ಕರಗಿತು. ಜವಾಹರಲಾಲ್ ಅವರ ಮುತ್ತಾತ ಲಕ್ಷ್ಮೀನಾರಾಯಣ ನೆಹರು ಹೊತ್ತಿಗೆ ದೆಹಲಿಯ ದರ್ಬಾರು ಹೆಸರಿಗೆ ಮಾತ್ರ ಉಳಿದಿತ್ತು. ಆ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇದ್ದ ಮೊದಲ ವಕೀಲ, ಅಂದರೆ ಪ್ರತಿನಿಧಿ, ಅವರು. ಅವರ ಮಗ ಗಂಗಾಧರ, 1857ರ ದಂಗೆಗೆ ಮುಂಚೆ ಕೆಲಕಾಲ ದೆಹಲಿಯ ಕೊತ್ವಾಲ. 1861ರಲ್ಲಿ, 34ನೇ ವಯಸ್ಸಿನಲ್ಲೇ ತೀರಿಕೊಂಡರು. ಅವರು ಸತ್ತ ಮೂರು ತಿಂಗಳಿಗೆ, ಅದೇ ವರ್ಷದ ಮೇ 6ರಂದು, ಆಗ್ರಾದಲ್ಲಿ ಮೋತಿಲಾಲ್ ಹುಟ್ಟಿದರು. ಮೋತಿಲಾಲ್ ಅಪ್ಪನ ಮುಖವನ್ನೇ ನೋಡಲಿಲ್ಲ. ಅವರನ್ನು ಬೆಳೆಸಿದ್ದು ಇಬ್ಬರು ಅಣ್ಣಂದಿರು, ಬನ್ಸೀಧರ ಮತ್ತು ನಂದಲಾಲ್. ಬನ್ಸೀಧರ ಬ್ರಿಟಿಷ್ ಸರ್ಕಾರದ ನ್ಯಾಯ ಇಲಾಖೆ ಸೇರಿದರು. ನಂದಲಾಲ್ ರಜಪೂತಾನದ ಖೇತ್ರಿ ಸಂಸ್ಥಾನದಲ್ಲಿ ಹತ್ತು ವರ್ಷ ದಿವಾನರಾಗಿದ್ದು, ಆಮೇಲೆ ವಕೀಲರಾದರು. ಹೈಕೋರ್ಟ್ ಆಗ್ರಾದಿಂದ ಅಲಹಾಬಾದಿಗೆ ಹೋದಾಗ ಕುಟುಂಬವೂ ಅದರ ಹಿಂದೆ ಹೋಯಿತು.

ಇನ್ನು ಖಾಲಿ ಜಾಗದ ವಿಷಯ. ದಂಗೆಯ ಗಲಾಟೆಯಲ್ಲಿ ಕುಟುಂಬದ ಹಳೇ ಕಾಗದಪತ್ರಗಳೆಲ್ಲ ನಾಶವಾದವು ಅಂತ ನೆಹರು ಅವರೇ ಬರೆದಿದ್ದಾರೆ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. 1857ಕ್ಕೆ ಮುಂಚಿನ ಬಹುಪಾಲು ಕತೆ ಮನೆಯೊಳಗೆ ಬಾಯಿಂದ ಬಾಯಿಗೆ ಬಂದದ್ದು. ನಮ್ಮ ನಿಮ್ಮ ಮನೆಗಳಲ್ಲೂ ಐದು ತಲೆಮಾರಿನ ಹಿಂದಿನ ಕತೆ ಹಾಗೇ ಅಲ್ವಾ?

ಆ ದಿನಗಳ ಒಂದು ಪ್ರಸಂಗ ಆತ್ಮಕಥೆಯಲ್ಲಿದೆ. ಕುಟುಂಬ ದೆಹಲಿ ಬಿಟ್ಟು ಆಗ್ರಾ ಕಡೆ ಹೊರಟಿತ್ತು. ಜೊತೆಗಿದ್ದ ಪುಟ್ಟ ಹುಡುಗಿಯೊಬ್ಬಳು, ಅಂದರೆ ನೆಹರು ಅವರ ಸೋದರತ್ತೆ, ತುಂಬಾ ಬೆಳ್ಳಗಿದ್ದಳು. ದಾರಿಯಲ್ಲಿ ಸಿಕ್ಕ ಇಂಗ್ಲಿಷ್ ಸಿಪಾಯಿಗಳು ಇವಳು ನಮ್ಮ ಮಗು, ನೀವು ಕದ್ದು ಒಯ್ಯುತ್ತಿದ್ದೀರಿ ಅಂತ ಹಿಡಿದರು. ಆಗ ವಿಚಾರಣೆ ಅಂತ ಏನೂ ಇರಲಿಲ್ಲ, ಹತ್ತಿರದ ಮರಕ್ಕೆ ನೇಣು ಹಾಕಿಬಿಡುತ್ತಿದ್ದರು. ದೊಡ್ಡಪ್ಪನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಮಾತಾಡುತ್ತಾ ಸ್ವಲ್ಪ ಹೊತ್ತು ತಳ್ಳಿದರು. ಅಷ್ಟರಲ್ಲಿ ಪರಿಚಯದವರೊಬ್ಬರು ಆ ದಾರಿಯಲ್ಲಿ ಬಂದು ಬಿಡಿಸಿದರು. ಮೈಬಣ್ಣ ನೋಡಿ ಯಾರ ಮಗು ಅಂತ ತೀರ್ಮಾನ ಮಾಡುವುದು ಎಷ್ಟು ಅಪಾಯದ್ದು ಅನ್ನುವುದಕ್ಕೆ ಈ ಕುಟುಂಬ ಅಂದೇ ಸಾಕ್ಷಿಯಾಗಿತ್ತು.

ಘಾಜಿ ಕತೆ ಯಾಕೆ ನಿಲ್ಲುವುದಿಲ್ಲ

ವದಂತಿಯ ಮುಖ್ಯ ವಾದ ಇದು: ಮೊಘಲರ ಕಾಲದಲ್ಲಿ ಕೊತ್ವಾಲನಂಥ ದೊಡ್ಡ ಹುದ್ದೆ ಹಿಂದೂವಿಗೆ ಸಿಗುತ್ತಿರಲಿಲ್ಲ, ಆದ್ದರಿಂದ ಗಂಗಾಧರ ಹಿಂದೂ ಆಗಿರಲು ಸಾಧ್ಯವಿಲ್ಲ. ಕೇಳಲು ಸರಿ ಅನ್ನಿಸುತ್ತದೆ. ಆದರೆ ದೆಹಲಿ ನಗರ 1803ರಿಂದಲೇ ಕಂಪನಿಯ ಹಿಡಿತದಲ್ಲಿತ್ತು. ಬಾದಶಹನ ಮಾತು ನಡೆಯುತ್ತಿದ್ದದ್ದು ಕೆಂಪು ಕೋಟೆಯ ಗೋಡೆಯೊಳಗೆ ಮಾತ್ರ. ನಗರದ ಪೊಲೀಸು ಬ್ರಿಟಿಷ್ ಅಧಿಕಾರಿಗಳ ಕೆಳಗಿತ್ತು. 1857ಕ್ಕೆ ಮುಂಚಿನ ದೆಹಲಿಯ ಕೊತ್ವಾಲ ಅಂದರೆ ಕಂಪನಿ ಆಡಳಿತದ ನೌಕರ. ತಂದೆ ಕಂಪನಿಯ ವಕೀಲ, ಮಗ ಕಂಪನಿ ಆಳುತ್ತಿದ್ದ ನಗರದ ಕೊತ್ವಾಲ. ಇದರಲ್ಲಿ ಅಸಹಜವಾದದ್ದು ಏನೂ ಇಲ್ಲ.

ಮೊಘಲರ ಆಳ್ವಿಕೆ ಗಟ್ಟಿಯಾಗಿದ್ದ ಕಾಲಕ್ಕೂ ಈ ವಾದ ಹೊಂದುವುದಿಲ್ಲ. ಅಕ್ಬರನ ಕಂದಾಯ ನೋಡಿಕೊಂಡವರು ರಾಜಾ ತೋಡರಮಲ್ಲ. ಪರ್ಷಿಯನ್ ಕಲಿತ ಕಾಯಸ್ಥರು, ಖತ್ರಿಗಳು, ಕಾಶ್ಮೀರಿ ಪಂಡಿತರು ಕಚೇರಿಗಳ ತುಂಬಾ ಇದ್ದರು. ನಮ್ಮಲ್ಲೇ ನೋಡಿ, ಟಿಪ್ಪು ಸುಲ್ತಾನನ ಖಜಾನೆ ಮತ್ತು ಲೆಕ್ಕ ನೋಡಿಕೊಂಡ ಪೂರ್ಣಯ್ಯ ಮಾಧ್ವ ಬ್ರಾಹ್ಮಣರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರೇ ಒಡೆಯರ ದಿವಾನರಾದರು. ಹುದ್ದೆ ನೋಡಿ ಧರ್ಮ ಊಹಿಸಲು ಹೋದರೆ ಪೂರ್ಣಯ್ಯನವರ ವಿಷಯದಲ್ಲೂ ನಾವು ದಾರಿ ತಪ್ಪುತ್ತೇವೆ.

ಇನ್ನೊಂದು "ಪುರಾವೆ" ಒಂದು ಚಿತ್ರ. ಗಂಗಾಧರ ಮೊಘಲ್ ದರ್ಬಾರಿನ ಉಡುಪಿನಲ್ಲಿ, ಕೈಯಲ್ಲಿ ಬಾಗಿದ ಕತ್ತಿ ಹಿಡಿದಿರುವ ಸಣ್ಣ ವರ್ಣಚಿತ್ರ. ಅದರ ಬಗ್ಗೆ ಮೊದಲು ಹೇಳಿದವರೂ ನೆಹರು ಅವರೇ. ನೋಡಿದವರು ಮೊಘಲ್ ಸರದಾರ ಅಂದುಕೊಳ್ಳಬಹುದು, ಆದರೆ ಮುಖಲಕ್ಷಣ ಕಾಶ್ಮೀರಿಯದೇ ಎಂದು ಬರೆದಿದ್ದಾರೆ. ಆ ಕಾಲದ ಅಧಿಕಾರಿಗಳು ಹಾಕುತ್ತಿದ್ದ ಉಡುಪು ಅದು. ಮೈಸೂರು ದಸರಾದ ಹಳೇ ಫೋಟೋಗಳಲ್ಲಿ ದರ್ಬಾರಿಗಳ ಉದ್ದನೆಯ ಕೋಟು, ಪೇಟ ನೋಡಿ ಯಾರೂ ಅವರ ಜಾತಿ ಹೇಳಲಾರರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಕಾಶ್ಮೀರಿ ಪಂಡಿತರ ಸಮುದಾಯವೇ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಕಣಿವೆ ಬಿಟ್ಟು ದೆಹಲಿ, ಲಖನೌ, ಆಗ್ರಾ, ಲಾಹೋರ್‌ಗಳಲ್ಲಿ ನೆಲೆಸಿದ್ದ ಈ ಜನ ತೀರಾ ಕಡಿಮೆ. ಹೆಣ್ಣು ಕೊಡುವುದು ತರುವುದು ತಮ್ಮೊಳಗೇ. ಒಬ್ಬರ ಮನೆಯ ಮೂರು ತಲೆಮಾರು ಇನ್ನೊಬ್ಬರಿಗೆ ಬಾಯಿಪಾಠ. ಶಾಸ್ತ್ರದ ವಿಷಯದಲ್ಲೂ ಬಹಳ ಬಿಗಿ. 1884ರಲ್ಲಿ ಬಿಷನ್ ನಾರಾಯಣ ದರ್ ಎಂಬ ಲಖನೌದ ಯುವಕ ಕಾನೂನು ಓದಲು ಇಂಗ್ಲೆಂಡಿಗೆ ಹೋದರು. ಸಮುದ್ರ ದಾಟಿದ್ದಕ್ಕೆ ಇಡೀ ಸಮುದಾಯ ಎರಡು ಹೋಳಾಯಿತು. ಪ್ರಾಯಶ್ಚಿತ್ತ ಮಾಡಿಕೊಂಡರೆ ಸೇರಿಸಿಕೊಳ್ಳಬಹುದು ಅನ್ನುವವರು ಒಂದು ಕಡೆ, ಬೇಡವೇ ಬೇಡ ಅನ್ನುವವರು ಇನ್ನೊಂದು ಕಡೆ. ಅದೇ ದರ್ 1911ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಮೋತಿಲಾಲ್ 1899ರಲ್ಲಿ ಯುರೋಪಿಗೆ ಹೋಗಿಬಂದು, ಪ್ರಾಯಶ್ಚಿತ್ತ ಮಾಡಿಕೊಳ್ಳಲ್ಲ ಅಂದಾಗ ಸಂಪ್ರದಾಯಸ್ಥರು ಅವರನ್ನು ಹೊರಗಿಟ್ಟರು.

ಹಡಗು ಹತ್ತಿದ್ದಕ್ಕೆ ಬಹಿಷ್ಕಾರ ಹಾಕುವಷ್ಟು ಬಿಗಿಯಾಗಿದ್ದ ಜನ ಇವರು. ಆದರೂ ಮೋತಿಲಾಲ್‌ಗೆ ಲಾಹೋರಿನ ಕಾಶ್ಮೀರಿ ಪಂಡಿತರ ಮನೆಯಿಂದ ಸ್ವರೂಪರಾಣಿಯವರನ್ನು ಕೊಟ್ಟು ಮದುವೆ ಮಾಡಿದರು. 1916ರಲ್ಲಿ ಜವಾಹರಲಾಲ್‌ಗೆ ದೆಹಲಿಯ ಹಳೇ ಕಾಶ್ಮೀರಿ ಕುಟುಂಬದಿಂದ ಕಮಲಾ ಕೌಲ್ ಅವರನ್ನು ಕೊಟ್ಟರು. ಮೋತಿಲಾಲ್ ಅವರ ಅಪ್ಪ ಮೊನ್ನೆ ಮೊನ್ನೆ ಹೆಸರು ಬದಲಿಸಿಕೊಂಡ ಮುಸ್ಲಿಂ ಆಗಿದ್ದರೆ ಅದು ಅದೇ ದೆಹಲಿಯ, ಅದೇ ಆಗ್ರಾದ ಬಂಧುಗಳಿಗೆ ಗೊತ್ತಾಗದೆ ಇರುತ್ತಿತ್ತೇ? ಮೋತಿಲಾಲ್ ಮೇಲೆ ಕೆಂಡ ಕಾರುತ್ತಿದ್ದ ಸಂಪ್ರದಾಯಸ್ಥರು ಆ ಅಸ್ತ್ರವನ್ನು ಬಿಡುತ್ತಿದ್ದರೇ? ಅವರು ಯುರೋಪ್ ಪ್ರಯಾಣ ಎತ್ತಿ ಆಡಿದರು, ಪಾಶ್ಚಾತ್ಯ ಜೀವನಶೈಲಿ ಎತ್ತಿ ಆಡಿದರು. ತಂದೆಯ ಧರ್ಮದ ಮಾತು ಎತ್ತಲಿಲ್ಲ.

ಆದರೆ ಈ ಕತೆ ಇಂಟರ್ನೆಟ್ಟಿನ ಕಾಲದಲ್ಲಿ ಎಲ್ಲೆಲ್ಲಿ ನುಗ್ಗಿತು ನೋಡಿ. 2015ರಲ್ಲಿ ವಿಕಿಪೀಡಿಯಾದ ನೆಹರು ಪುಟದಲ್ಲೇ ಯಾರೋ ಗಿಯಾಸುದ್ದೀನ್ ಘಾಜಿಯ ಸಾಲು ಸೇರಿಸಿದ್ದರು. ಆ ತಿದ್ದುಪಡಿ ಕೇಂದ್ರ ಸರ್ಕಾರದ ಜಾಲದ ಐಪಿ ವಿಳಾಸದಿಂದ ಬಂದಿದೆ ಅಂತ ಸುದ್ದಿಯಾಯಿತು. ವಿಕಿಪೀಡಿಯಾ ಸ್ವಯಂಸೇವಕರು ಅದನ್ನು ತೆಗೆದುಹಾಕಿದರು. ಆದರೆ ತೆಗೆದ ಸುದ್ದಿಗಿಂತ ಸ್ಕ್ರೀನ್‌ಶಾಟ್ ಬೇಗ ಓಡುತ್ತದೆ.

ಫಿರೋಜ್ ಯಾರು

ಫಿರೋಜ್ ವಿಷಯ ಇಷ್ಟು ಹಿಂದಿನದಲ್ಲ, ಆದ್ದರಿಂದ ಅನುಮಾನಕ್ಕೆ ಜಾಗವೂ ಇಲ್ಲ. 1912ರ ಸೆಪ್ಟೆಂಬರ್ 12ರಂದು ಬೊಂಬಾಯಿಯಲ್ಲಿ ಹುಟ್ಟಿದರು. ತಂದೆ ಜಹಾಂಗೀರ್ ಫರೆದೂನ್ ಘಾಂಡಿ, ಹಡಗಿನ ಎಂಜಿನಿಯರ್. ತಾಯಿ ರತಿಮಾಯ್. ಇಬ್ಬರ ಮನೆತನವೂ ದಕ್ಷಿಣ ಗುಜರಾತಿನದು, ತಂದೆಯ ಕಡೆಯವರ ಹಳೇ ಮನೆ ಭರೂಚ್‌ನಲ್ಲಿತ್ತು. ಅಲಹಾಬಾದಿನ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಚಿಕ್ಕಮ್ಮ ಶಿರಿನ್ ಕಮಿಸರಿಯಟ್ ಅವರ ಮನೆಯಲ್ಲಿ ಫಿರೋಜ್ ಬೆಳೆದರು. ನೆಹರು ಮನೆಯ ನಂಟು ಬಂದದ್ದು ಹಾಗೆ. 1930ರಲ್ಲಿ ಕಾಲೇಜಿನ ಎದುರು ಸತ್ಯಾಗ್ರಹ ಮಾಡುತ್ತಿದ್ದ ಕಮಲಾ ನೆಹರು ಬಿಸಿಲಿಗೆ ತಲೆತಿರುಗಿ ಬಿದ್ದಾಗ ಓಡಿಬಂದ ಹುಡುಗರಲ್ಲಿ ಫಿರೋಜ್ ಒಬ್ಬರು. ಓದು ಬಿಟ್ಟು ಚಳವಳಿ ಸೇರಿದರು, ಜೈಲಿಗೆ ಹೋದರು. ಚಳವಳಿಯ ದಿನಗಳಲ್ಲೇ ಘಾಂಡಿ ಅನ್ನುವ ಮನೆತನದ ಹೆಸರನ್ನು ಗಾಂಧಿ ಅಂತ ಬರೆಯತೊಡಗಿದರು. ಮಹಾತ್ಮ ಗಾಂಧಿ ಇವರನ್ನು ದತ್ತು ತೆಗೆದುಕೊಂಡರು ಅನ್ನುವುದೂ ಕಟ್ಟುಕತೆಯೇ.

1942ರ ಮಾರ್ಚ್ 26ರಂದು ಅಲಹಾಬಾದಿನ ಆನಂದ ಭವನದಲ್ಲಿ ಇಂದಿರಾ-ಫಿರೋಜ್ ಮದುವೆ ಆಯಿತು. ಅದಕ್ಕೆ ಮುಂಚೆ ದೇಶದ ತುಂಬಾ ಗುಲ್ಲು. ಗಾಂಧೀಜಿಗೆ ಬೈಗುಳದ ಪತ್ರಗಳ ರಾಶಿ ಬಂತು. ಅವರು ಮಾರ್ಚ್ ತಿಂಗಳಲ್ಲೇ ತಮ್ಮ ಹರಿಜನ ಪತ್ರಿಕೆಯಲ್ಲಿ ಉತ್ತರ ಬರೆದರು. ಪತ್ರ ಬರೆದವರಿಗೆ ಫಿರೋಜ್ ಮೇಲೆ ಬೇರೆ ಯಾವ ದೂರೂ ಇಲ್ಲ, ಅವರ ಕಣ್ಣಿಗೆ ಆತ ಪಾರ್ಸಿ ಅನ್ನುವುದೊಂದೇ ತಪ್ಪು ಅನ್ನುವುದು ಆ ಉತ್ತರದ ಸಾರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮದುವೆಯನ್ನು ವಿರೋಧಿಸಿದವರೇ 1942ರಲ್ಲಿ ಫಿರೋಜ್ ಪಾರ್ಸಿ ಎಂದು ಬೈದಿದ್ದಾರೆ. ಆತ ಮುಸ್ಲಿಂ ಆಗಿದ್ದರೆ ಆ ಕೋಪಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿತ್ತೇ? ಪಾಕಿಸ್ತಾನದ ಬೇಡಿಕೆ ಎದ್ದು ಎರಡು ವರ್ಷ ಆಗಿದ್ದ ಕಾಲ ಅದು. ಖಾನ್ ಕತೆ ಜೋರಾದದ್ದು ಅದನ್ನು ಅಲ್ಲಗಳೆಯಬಲ್ಲ ಆ ತಲೆಮಾರು ಮರೆಯಾದ ಮೇಲೆ.

ಈ ಮನುಷ್ಯನನ್ನು ನಾವು ಬರೀ ಯಾರ ಗಂಡ, ಯಾರ ತಾತ ಅಂತ ನೋಡುತ್ತೇವೆ ಅನ್ನುವುದು ನನಗೆ ಬೇಸರದ ಸಂಗತಿ. ರಾಯ್‌ಬರೇಲಿಯಿಂದ ಎರಡು ಸಲ ಗೆದ್ದು, ಮಾವನ ಸರ್ಕಾರದ ವಿರುದ್ಧವೇ ಲೋಕಸಭೆಯಲ್ಲಿ ಮುಂದ್ರಾ ಹಗರಣ ಬಯಲಿಗೆಳೆದವರು ಅವರು. ಎಲ್‌ಐಸಿಯ ಹಣವನ್ನು ಒಬ್ಬ ಉದ್ಯಮಿಯ ಕಂಪನಿಗಳಲ್ಲಿ ಹೂಡಿದ ಆ ಪ್ರಕರಣದಲ್ಲಿ 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಫಿರೋಜ್ 1960ರಲ್ಲಿ, 48 ತುಂಬುವ ಕೆಲವು ದಿನ ಮುಂಚೆ ತೀರಿಕೊಂಡರು.

32 ಜನರಲ್ಲಿ ಒಬ್ಬರು

ಒಂದು ಸರಳ ಲೆಕ್ಕ ಮಾಡೋಣ. ರಾಹುಲ್ ಗಾಂಧಿಯಿಂದ ಹಿಂದಕ್ಕೆ ಹೋದರೆ ರಾಜೀವ್, ಇಂದಿರಾ, ಜವಾಹರಲಾಲ್, ಮೋತಿಲಾಲ್, ಐದನೇ ಮೆಟ್ಟಿಲಲ್ಲಿ ಗಂಗಾಧರ. ಆ ಮೆಟ್ಟಿಲಲ್ಲಿ ಯಾರಿಗೇ ಆದರೂ 32 ಪೂರ್ವಜರು ಇರುತ್ತಾರೆ. ರಾಹುಲ್ ವಿಷಯದಲ್ಲಿ ಅದರಲ್ಲಿ 16 ಜನ ತಾಯಿ ಸೋನಿಯಾ ಕಡೆಯವರು, ಇಟಲಿಯವರು. 8 ಜನ ಫಿರೋಜ್ ಕಡೆಯ ಪಾರ್ಸಿಗಳು. 8 ಜನ ಕಾಶ್ಮೀರಿ ಪಂಡಿತರು, ಅವರಲ್ಲೊಬ್ಬರು ಗಂಗಾಧರ. ಅಂದರೆ ಇಷ್ಟು ವರ್ಷದ ಜಗಳ 32ರಲ್ಲಿ ಒಬ್ಬರ ಬಗ್ಗೆ. ಗಂಗಾಧರರ ಹೆಂಡತಿಯ ಮನೆತನದ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ.

ಇನ್ನೂ ಗಮನಿಸಬೇಕಾದದ್ದು, ಲೆಕ್ಕ ಹಾಕುವ ರೀತಿಯೇ ಸಲಕ್ಕೊಂದು ಬದಲಾಗುತ್ತದೆ. 1984ರಲ್ಲಿ ಇಂದಿರಾ ಗಾಂಧಿ ಪುರಿಗೆ ಹೋದಾಗ ಜಗನ್ನಾಥ ದೇವಸ್ಥಾನದ ಒಳಗೆ ಬಿಡಲಿಲ್ಲ. ಅಪ್ಪ ಅಮ್ಮ ಇಬ್ಬರೂ ಕಾಶ್ಮೀರಿ ಪಂಡಿತರು, ಆದರೆ ಗಂಡ ಪಾರ್ಸಿ. ಪ್ರಧಾನಿಯಾಗಿದ್ದ ಅವರು ದೇವಸ್ಥಾನದ ಎದುರಿಗಿದ್ದ ರಘುನಂದನ ಗ್ರಂಥಾಲಯದ ಕಟ್ಟಡದಿಂದಲೇ ನೋಡಿ ಬಂದರು. ಅಲ್ಲಿ ಲೆಕ್ಕಕ್ಕೆ ಬಂದದ್ದು ಗಂಡನ ಕುಲ. ಪಾರ್ಸಿಗಳಲ್ಲಿ 1908ರ ಬೊಂಬಾಯಿ ಹೈಕೋರ್ಟ್ ತೀರ್ಪಿನ ಕಾಲದಿಂದಲೂ ತಂದೆ ಪಾರ್ಸಿಯಾದರೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ತಾಯಿ ಮಾತ್ರ ಪಾರ್ಸಿಯಾದರೆ ಇಲ್ಲ ಅನ್ನುವ ರೂಢಿ ಇದೆ. ಅಲ್ಲಿ ಲೆಕ್ಕಕ್ಕೆ ಬರುವುದು ಅಪ್ಪನ ಕುಲ.

2017ರ ನವೆಂಬರಿನಲ್ಲಿ, ಗುಜರಾತ್ ಚುನಾವಣೆ ಹೊತ್ತಿನಲ್ಲಿ, ಸೋಮನಾಥದ ಹಿಂದೂಯೇತರರ ಪುಸ್ತಕದಲ್ಲಿ ರಾಹುಲ್ ಹೆಸರು ಇದೆ ಅಂತ ವಿವಾದ ಎದ್ದಿತು. ಕಾಂಗ್ರೆಸ್ ವಕ್ತಾರರು ಅವರು ಬರೀ ಹಿಂದೂ ಅಲ್ಲ, ಜನಿವಾರ ಧರಿಸಿದ ಹಿಂದೂ ಅಂತ ಉತ್ತರ ಕೊಟ್ಟರು. ಮರುವರ್ಷ ರಾಜಸ್ಥಾನ ಚುನಾವಣೆ ವೇಳೆ ಪುಷ್ಕರದಲ್ಲಿ ಪೂಜೆ ಮಾಡಿಸಿದ ಪುರೋಹಿತರು ರಾಹುಲ್ ಅವರದು ದತ್ತಾತ್ರೇಯ ಗೋತ್ರ, ಕೌಲ್ ಬ್ರಾಹ್ಮಣರು ಎಂದು ಹೇಳಿದರು. ಅಪ್ಪನ ತಾಯಿಯ ಕಡೆಯಿಂದ ಗೋತ್ರ ಹೇಗೆ ಬರುತ್ತದೆ ಅಂತ ಬಿಜೆಪಿಯವರು ಕೇಳಿದರು. ಸಂಪ್ರದಾಯದ ಲೆಕ್ಕದಲ್ಲಿ ಆ ಪ್ರಶ್ನೆ ತಪ್ಪಲ್ಲ. ಕಾಂಗ್ರೆಸ್ಸಿನ ಉತ್ತರವೇ ಆ ಲೆಕ್ಕಕ್ಕೆ ತಲೆಬಾಗಿತ್ತು.

ಅದು ದೊಡ್ಡ ತಪ್ಪು ಎಂದು ನಾನು ನಂಬುತ್ತೇನೆ. ಕಾಶ್ಮೀರಿ, ಪಾರ್ಸಿ, ಇಟಾಲಿಯನ್ ಮೂರೂ ಸೇರಿದ ಮನೆ ಇದು ಅಂತ ನೇರವಾಗಿ ಹೇಳಿಕೊಳ್ಳಬಹುದಿತ್ತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಜನಿವಾರ ತೋರಿಸಿದ ಕ್ಷಣ, ನಾಯಕನಾಗಲು ಸರಿಯಾದ ಕುಲ ಬೇಕು ಅನ್ನುವ ಮಾತಿಗೆ ಇವರೂ ಒಪ್ಪಿಗೆ ಕೊಟ್ಟ ಹಾಗಾಯಿತು. ಜನಿವಾರ ಇಲ್ಲದ ಕೋಟ್ಯಂತರ ಹಿಂದೂಗಳಿಗೆ, ಹಿಂದೂಗಳೇ ಅಲ್ಲದ ಕಾಂಗ್ರೆಸ್ ಕಾರ್ಯಕರ್ತರಿಗೆ ಅದು ಹೇಗೆ ಕೇಳಿಸಿರಬೇಡ! ಘಾಜಿ ಕತೆಗೂ ಇದೇ ಮಾತು ಅನ್ವಯಿಸುತ್ತದೆ. ಅದು ಸುಳ್ಳು, ಅಷ್ಟು ಹೇಳಲೇಬೇಕು. ಒಂದು ವೇಳೆ ನಿಜವೇ ಆಗಿದ್ದರೂ ಅದರಿಂದ ನೆಹರು ಮಾಡಿದ ಒಳ್ಳೆಯದು ಕೆಡುತ್ತಿರಲಿಲ್ಲ, ಮಾಡಿದ ತಪ್ಪು ಸರಿಯಾಗುತ್ತಿರಲಿಲ್ಲ ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಬಳ್ಳಾರಿ ಕೊಟ್ಟ ಉತ್ತರ

ಸೋನಿಯಾ ಗಾಂಧಿ ವಿಷಯದಲ್ಲಿ ಯಾವ ಗುಟ್ಟೂ ಇಲ್ಲ. 1946ರ ಡಿಸೆಂಬರ್ 9ರಂದು ಇಟಲಿಯ ವೆನೆಟೊ ಪ್ರಾಂತ್ಯದ ಲುಸಿಯಾನದಲ್ಲಿ ಹುಟ್ಟಿದರು, ಟುರಿನ್ ಹತ್ತಿರದ ಒರ್ಬಸ್ಸಾನೊದಲ್ಲಿ ಬೆಳೆದರು. ತಂದೆ ಸ್ಟೆಫಾನೊ ಮೈನೊ ಕಟ್ಟಡ ಗುತ್ತಿಗೆದಾರರು. 1968ರಲ್ಲಿ ಮದುವೆ, 1983ರಲ್ಲಿ ಭಾರತದ ಪೌರತ್ವ. ಹದಿನೈದು ವರ್ಷ ಯಾಕೆ ಕಾದರು ಅಂತ ಕೇಳುವುದಕ್ಕೆ ಯಾರಿಗೂ ಹಕ್ಕಿದೆ. ಅದು ಅವರೇ ತೆಗೆದುಕೊಂಡ ತೀರ್ಮಾನದ ಬಗ್ಗೆ ಕೇಳುವ ಪ್ರಶ್ನೆ, ಹುಟ್ಟಿನ ಬಗ್ಗೆ ಅಲ್ಲ.

1999ರಲ್ಲಿ ಶರದ್ ಪವಾರ್, ಪಿ.ಎ. ಸಂಗ್ಮಾ, ತಾರಿಕ್ ಅನ್ವರ್ ಮೂವರೂ ವಿದೇಶಿ ಮೂಲದವರು ಪ್ರಧಾನಿ ಅಭ್ಯರ್ಥಿ ಆಗಬಾರದು ಅಂತ ಕಾಂಗ್ರೆಸ್ಸಿನಿಂದ ಹೊರಬಿದ್ದು ಎನ್‌ಸಿಪಿ ಕಟ್ಟಿದರು. ಅದೇ ವರ್ಷ ಸೋನಿಯಾ ಅಮೇಠಿಯ ಜೊತೆಗೆ ಬಳ್ಳಾರಿಯಲ್ಲೂ ನಿಂತರು. ಬಿಜೆಪಿ ಸುಷ್ಮಾ ಸ್ವರಾಜ್ ಅವರನ್ನು ಕಳಿಸಿತು. ವಿದೇಶಿ ಸೊಸೆಯೋ, ಸ್ವದೇಶಿ ಮಗಳೋ ಅನ್ನುವ ಘೋಷಣೆ ಊರೂರು ತಿರುಗಿತು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ವೇದಿಕೆ ಮೇಲೆ ಕನ್ನಡದಲ್ಲೇ ಮಾತಾಡಿದರು. ಜನ ಮೆಚ್ಚಿದರು ಕೂಡ. ಆದರೂ ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದರು.

ಬಳ್ಳಾರಿ ಜನ ಹುಟ್ಟಿನ ಪ್ರಶ್ನೆಯನ್ನು ತಿರಸ್ಕರಿಸಿದರು ಅಂತ ಇದನ್ನು ಓದುವವರಿದ್ದಾರೆ. ನನಗೆ ಅಷ್ಟು ಖಚಿತವಾಗಿ ಹೇಳಲು ಧೈರ್ಯ ಸಾಲದು. ಮೊದಲ ಚುನಾವಣೆಯಿಂದಲೂ ಕಾಂಗ್ರೆಸ್ಸನ್ನೇ ಗೆಲ್ಲಿಸುತ್ತ ಬಂದ ಕ್ಷೇತ್ರ ಅದು. ಅಂಬಾಲಾದಲ್ಲಿ ಹುಟ್ಟಿದ ಸುಷ್ಮಾ ಅವರೂ, ಲುಸಿಯಾನದಲ್ಲಿ ಹುಟ್ಟಿದ ಸೋನಿಯಾ ಅವರೂ ಬಳ್ಳಾರಿಗೆ ಹೊರಗಿನವರೇ. ಇಂದಿರಮ್ಮನ ಸೊಸೆ ಅನ್ನುವ ನಂಟು ಅಲ್ಲಿನ ಹಳ್ಳಿಗಳಲ್ಲಿ ಕೆಲಸ ಮಾಡಿತು. ಅಂದರೆ ಅಲ್ಲೂ ಮನೆತನವೇ ಗೆದ್ದಿತು. ಗೆದ್ದ ಮೇಲೆ ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಸೋತ ಸುಷ್ಮಾ ಆಮೇಲೂ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು.

ಇದು ಒಂದೇ ಮನೆಯ ಕತೆ ಅಲ್ಲ

ಕುಲ ಕೆದಕುವುದು ಒಂದೇ ಪಕ್ಷದ ಚಟ ಅಂದುಕೊಂಡರೆ ತಪ್ಪು. 2024ರ ಫೆಬ್ರುವರಿಯಲ್ಲಿ ರಾಹುಲ್ ಗಾಂಧಿಯವರೇ, ನರೇಂದ್ರ ಮೋದಿ ಹುಟ್ಟಿನಿಂದ ಹಿಂದುಳಿದ ವರ್ಗದವರಲ್ಲ, ಸಾಮಾನ್ಯ ವರ್ಗದವರು ಎಂದು ಹೇಳಿದರು. ಮೋದಿ ಅವರದು ಮೋಢ್ ಘಾಂಚಿ ಸಮುದಾಯ, ಎಣ್ಣೆ ತೆಗೆಯುವ ಕಸುಬಿನವರು, ನಮ್ಮ ಗಾಣಿಗರ ಹಾಗೆ. ಗುಜರಾತ್ ಸರ್ಕಾರ ಈ ಸಮುದಾಯವನ್ನು ಹಿಂದುಳಿದ ವರ್ಗಕ್ಕೆ ಸೇರಿಸಿದ್ದು 1994ರಲ್ಲಿ, ಕೇಂದ್ರದ ಪಟ್ಟಿಗೆ ಸೇರಿದ್ದು 1999ರಲ್ಲಿ. ಮೋದಿ ಮುಖ್ಯಮಂತ್ರಿಯಾದದ್ದು 2001ರ ಅಕ್ಟೋಬರಿನಲ್ಲಿ. ತಾರೀಖು ನೋಡಿದರೆ ಸಾಕು, ಅಧಿಕಾರ ಬಳಸಿ ಜಾತಿ ಬದಲಿಸಿಕೊಂಡರು ಅನ್ನುವ ಆರೋಪ ನಿಲ್ಲುವುದಿಲ್ಲ. ಪಟ್ಟಿ ಬರುವ ಮುಂಚೆಯೂ ಘಾಂಚಿಗಳು ಗಾಣ ತಿರುಗಿಸುತ್ತಿದ್ದವರೇ.

ಅದೇ ವರ್ಷ ಜುಲೈ 30ರಂದು ಲೋಕಸಭೆಯಲ್ಲಿ ಬಿಜೆಪಿಯ ಅನುರಾಗ್ ಠಾಕೂರ್, ತಮ್ಮ ಜಾತಿ ಯಾವುದೆಂದೇ ಗೊತ್ತಿಲ್ಲದವರು ಜಾತಿ ಗಣತಿ ಕೇಳುತ್ತಿದ್ದಾರೆ ಎಂದರು. ಯಾರಿಗೆ ಹೇಳಿದ್ದು ಅನ್ನುವುದು ಎಲ್ಲರಿಗೂ ಅರ್ಥವಾಯಿತು. ಬೇರೆ ಬೇರೆ ಜಾತಿಯ ತಂದೆ ತಾಯಿಗೆ ಹುಟ್ಟಿದ ಲಕ್ಷಾಂತರ ಮಕ್ಕಳು ಈ ದೇಶದಲ್ಲಿದ್ದಾರೆ. ಆ ಮಾತು ಅವರೆಲ್ಲರ ಮೇಲೂ ಬಿತ್ತು. ಕಾನೂನು ಕೂಡ ಅಪ್ಪನ ಜಾತಿಯೇ ಮಗುವಿನ ಜಾತಿ ಅಂತ ಕಣ್ಣುಮುಚ್ಚಿ ಹೇಳುವುದಿಲ್ಲ. ಮಗು ಯಾರ ನಡುವೆ ಬೆಳೆಯಿತು, ಯಾವ ಅವಮಾನ ಉಂಡಿತು ಅನ್ನುವುದನ್ನೂ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. 2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರವೇ ಜನಗಣತಿಯಲ್ಲಿ ಜಾತಿ ಎಣಿಸಲು ಒಪ್ಪಿತು. ಈ ಪ್ರಶ್ನೆ ಈಗ ಮನೆಮನೆಗೂ ಬರಲಿದೆ.

ನಮ್ಮ ಮಲ್ಲಿಕಾರ್ಜುನ ಖರ್ಗೆಯವರ ಮನೆಯ ನೋವನ್ನೂ ಇದೇ ರೀತಿ ಪ್ರಚಾರಕ್ಕೆ ಎಳೆದರು. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿ ಅವರ ಊರು. 1948ರಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರ ಪಡೆ ಮನೆಗೆ ಬೆಂಕಿ ಇಟ್ಟಾಗ ತಾಯಿ ಮತ್ತು ಸೋದರಿ ಸತ್ತರು. ತಂದೆಯ ಜೊತೆ ಪುಟ್ಟ ಹುಡುಗ ಉಳಿದುಕೊಂಡ. 2024ರ ನವೆಂಬರಿನಲ್ಲಿ ಮಹಾರಾಷ್ಟ್ರ ಚುನಾವಣೆಯ ಸಭೆಯಲ್ಲಿ ಯೋಗಿ ಆದಿತ್ಯನಾಥ್ ಇದನ್ನು ಎತ್ತಿ, ಖರ್ಗೆ ಮತಕ್ಕಾಗಿ ಮೌನವಾಗಿದ್ದಾರೆ ಎಂದರು. ಮಗ ಪ್ರಿಯಾಂಕ್ ಕೊಟ್ಟ ಉತ್ತರ ನೇರವಾಗಿತ್ತು: ಮನೆ ಸುಟ್ಟದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯ ಅಲ್ಲ. ಕುಲದ ಪ್ರಶ್ನೆಗೆ ಯಾವ ಕುಲದ ಪತಾಕೆಯನ್ನೂ ಎತ್ತದೆ ಉತ್ತರ ಕೊಡಬಹುದು ಅನ್ನುವುದಕ್ಕೆ ಇತ್ತೀಚಿನ ರಾಜಕೀಯದಲ್ಲಿ ನಾನು ಕಂಡ ಒಳ್ಳೆಯ ಉದಾಹರಣೆ ಇದು.

ಕೇಳಲೇಬೇಕಾದ ಪ್ರಶ್ನೆ ಬೇರೆ

ನಮ್ಮ ಸಂವಿಧಾನದಲ್ಲಿ ಸಂಸದರಾಗಲು, ಪ್ರಧಾನಿಯಾಗಲು ಪೌರತ್ವ ಬೇಕು, ವಯಸ್ಸು ಆಗಿರಬೇಕು. ವಂಶದ ಮಾತೇ ಇಲ್ಲ. ಸರ್ಕಾರಿ ಕೆಲಸದಲ್ಲಿ ವಂಶ ನೋಡಿ ತಾರತಮ್ಯ ಮಾಡಬಾರದು ಅಂತ 16ನೇ ವಿಧಿ ಬಾಯಿಬಿಟ್ಟು ಹೇಳುತ್ತದೆ. ಸೋನಿಯಾ ಪೌರತ್ವ ಪ್ರಶ್ನಿಸಿ ಹೂಡಿದ್ದ ಚುನಾವಣಾ ತಕರಾರು ಅರ್ಜಿಗಳು 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದವು.

ಹಾಗಾದರೆ ನಾಯಕರ ಮನೆತನದ ಬಗ್ಗೆ ಮಾತೇ ಆಡಬಾರದೇ? ಆಡಬೇಕು. ಆದರೆ ರಕ್ತದ ಬಗ್ಗೆ ಅಲ್ಲ, ಕುರ್ಚಿಯ ಬಗ್ಗೆ. ನೆಹರು ಮನೆಯಿಂದ ಮೂವರು ಪ್ರಧಾನಿಗಳಾದರು. 1998ರಿಂದ 2022ರವರೆಗೆ ಕಾಂಗ್ರೆಸ್ ಅಧ್ಯಕ್ಷ ಸ್ಥಾನ ತಾಯಿ ಮಗನ ಕೈ ಬಿಟ್ಟು ಹೋಗಲಿಲ್ಲ. 2022ರ ಅಕ್ಟೋಬರಿನಲ್ಲಿ ಖರ್ಗೆ 7,897 ಮತ ಪಡೆದು ಶಶಿ ತರೂರ್ ಅವರನ್ನು ಸೋಲಿಸಿ ಅಧ್ಯಕ್ಷರಾದರು. ಆಮೇಲೂ ಕೊನೆಯ ಮಾತು ಯಾರದು ಎಂದು ಕಾಂಗ್ರೆಸ್ಸಿಗರನ್ನೇ ಕೇಳಿ. ಇದನ್ನು ಎಷ್ಟು ಕಟುವಾಗಿ ಟೀಕಿಸಿದರೂ ಸರಿಯೇ. ಗಂಗಾಧರ ಯಾರು ಅನ್ನುವ ಗಲಾಟೆಯಲ್ಲಿ ಈ ಪ್ರಶ್ನೆಯೇ ಮುಚ್ಚಿಹೋಗುತ್ತದೆ.

ಮತ್ತು ಈ ಪ್ರಶ್ನೆಯನ್ನು ದೆಹಲಿಯಲ್ಲಿ ಮಾತ್ರ ಕೇಳಿದರೆ ಸಾಲದು. ಕರ್ನಾಟಕದಲ್ಲಿ ದೇವೇಗೌಡರು, ಕುಮಾರಸ್ವಾಮಿ, ಎಸ್.ಆರ್. ಬೊಮ್ಮಾಯಿ, ಬಸವರಾಜ ಬೊಮ್ಮಾಯಿ: ಅಪ್ಪ ಮಗ ಇಬ್ಬರೂ ಮುಖ್ಯಮಂತ್ರಿಗಳಾದ ಮನೆಗಳು ಎರಡು. ಯಡಿಯೂರಪ್ಪನವರ ಒಬ್ಬ ಮಗ ಸಂಸದ, ಇನ್ನೊಬ್ಬ ಮಗನಿಗೆ 2023ರಲ್ಲಿ ಪಕ್ಷದ ರಾಜ್ಯಾಧ್ಯಕ್ಷ ಸ್ಥಾನ ಸಿಕ್ಕಿತು. ಖರ್ಗೆಯವರ ಮಗ ಮಂತ್ರಿ, ಅಳಿಯ ಕಲಬುರಗಿಯ ಸಂಸದ. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಚಿಕ್ಕೋಡಿ, ಬೆಳಗಾವಿ, ಬಾಗಲಕೋಟೆ, ಬೀದರ್‌ನಲ್ಲಿ ಮಂತ್ರಿಗಳ ಮಕ್ಕಳಿಗೇ ಟಿಕೆಟ್ ಕೊಟ್ಟಿತು. ದಾವಣಗೆರೆಯಲ್ಲಿ ಬಿಜೆಪಿಯಿಂದ ನಿಂತವರು ಹಾಲಿ ಸಂಸದರ ಪತ್ನಿ, ಕಾಂಗ್ರೆಸ್ಸಿನಿಂದ ನಿಂತವರು ಹಾಲಿ ಮಂತ್ರಿಯ ಪತ್ನಿ. ಎರಡೂ ಪಕ್ಷಗಳಲ್ಲಿ ಬೂತ್ ಮಟ್ಟದಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಕಾರ್ಯಕರ್ತರಿದ್ದರು. ಅವರ ಹೆಸರು ಯಾವ ಹಂತದಲ್ಲಿ, ಯಾರ ಮಾತಿಗೆ ಪಟ್ಟಿಯಿಂದ ಬಿದ್ದುಹೋಯಿತು ಅಂತ ಎರಡೂ ಪಕ್ಷಗಳನ್ನು ಕೇಳುವುದಕ್ಕೆ ಮುಂದಿನ ಚುನಾವಣೆವರೆಗೂ ಕಾಯಬೇಕಾಗಿಲ್ಲ.